ಅಕ್ಕ ಬಿಟ್ಟ ನೂರ ಹದಿನೆಂಟು

ಮಾರ್ಚ್ 4
ಇವತ್ತು ಹನ್ನೊಂದು ರಿಪೋರ್ಟ್. ಯಾವುದೋ ಕಂಪನಿಯ ಕಂಪ್ಯೂಟರಿಗೆ ಕಳ್ಳರು ನುಗ್ಗಿದ್ದನ್ನು ಓದು, ಯಾವ್ಯಾವ ತಂತ್ರ ಬಳಸಿದರೆಂದು ಪಟ್ಟಿ ಮಾಡು — ಅದೇ ಗಾಣ. ಪಕ್ಕದ ಸೀಟಿನ ಅಕ್ಕನಿಗೆ ಹದಿಮೂರು ವರ್ಷದಿಂದ ಇದೇ ಕೆಲಸ. ನನಗೆ ಕಲಿಸಿದವರೂ ಅವರೇ. ನನ್ನ ಪಟ್ಟಿ ನೋಡಿ ಗದರಿದರು. "ಪಾಸ್‌ವರ್ಡ್ ಕದ್ದಿರಬಹುದು ಅಂತಿದೆ. ಕದ್ರು ಅಂತ ನಿಂಗ್ಯಾರಪ್ಪ ಹೇಳಿದ್ದು? ಕಳ್ಳರ ಜೊತೆ ನೀನೂ ಹೋಗಿದ್ಯಾ?" ನಕ್ಕೆ. ಅಳಿಸಿದೆ.

ಮಾರ್ಚ್ 11
ಆಫೀಸಿಗೆ ಭಾಷಾ ಮಾಡೆಲ್ ಅನ್ನೋ ಎಐ ಬಂತು. ರಿಪೋರ್ಟ್ ಕೊಟ್ಟರೆ ಸಾಕು, ಪಟ್ಟಿ ತಾನೇ ಬರೆಯುತ್ತದೆ. ಮ್ಯಾನೇಜರ್ ಕರೆದರು. "ಅಕ್ಕ ಮುಗಿಸಿರೋ ಅರವತ್ತು ರಿಪೋರ್ಟ್ ತಗೋ. ಸರಿಯುತ್ತರ ನೀನು ಬರಿ. ಮಾಡೆಲ್‌ದು, ಅವರದು ಎರಡಕ್ಕೂ ಮಾರ್ಕ್ಸ್ ಹಾಕಿ ಶುಕ್ರವಾರ ಕೊಡು. ಅವರಿಗೆ ಹೇಳ್ಬೇಡ." ಮೂರೇ ದಿನ!

ಮಾರ್ಚ್ 13
ಎಂಟು ರಿಪೋರ್ಟಿಗೆ ನಾನೇ ಓದಿ ಸರಿಯುತ್ತರ ಬರೆಯುವಷ್ಟಕ್ಕೇ ಸುಸ್ತು. ಉಳಿದ ಐವತ್ತೆರಡಕ್ಕೆ ಮಾಡೆಲ್ ಕೊಟ್ಟ ಪಟ್ಟಿಯನ್ನೇ ಎದುರಿಗಿಟ್ಟುಕೊಂಡು, ಮೇಲೆ ಮೇಲೆ ಕಣ್ಣಾಡಿಸಿ ಟಿಕ್ ಹಾಕಿದೆ. ಎಲ್ಲ ಸರಿಯಿದ್ದ ಹಾಗೇ ಕಂಡಿತು. ಅಕ್ಕ ಎರಡು ಸಲ ಕಾಫಿಗೆ ಕರೆದರು. ಹೋಗಲಿಲ್ಲ.

ಮಾರ್ಚ್ 14
ಮಾಡೆಲ್‌ಗೆ ನೂರಕ್ಕೆ ತೊಂಬತ್ತಾರು. ಅಕ್ಕನಿಗೆ ಎಪ್ಪತ್ತೊಂದು. ನೂರ ಹದಿನೆಂಟು ತಂತ್ರ ಬಿಟ್ಟಿದ್ದಾರೆ. ಮ್ಯಾನೇಜರ್ ಬೆನ್ನು ತಟ್ಟಿದರು. "ವಯಸ್ಸಾಯ್ತು, ಪಾಪ." ನಾನೂ ಹೂಂ ಅಂದೆ. ಯಾಕಂದೆನೋ...

ಏಪ್ರಿಲ್ 2
ಅಕ್ಕನ ಸೀಟು ಖಾಲಿ. ಮಾರ್ಕ್ಸ್ ತೋರಿಸಿಯೇ ಕೆಲಸದಿಂದ ಕಳಿಸಿದರಂತೆ. ಹಾಕಿದ್ದು ಯಾರೆಂದು ಹೇಳಲಿಲ್ಲವಂತೆ. ಸದ್ಯ, ಅನಿಸಿತು. ಹಾಗನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಮೇ 19
ಇವತ್ತಿನ ಒಂದು ರಿಪೋರ್ಟಿನಲ್ಲಿ "ಇರಬಹುದು" ಎಂದದ್ದನ್ನು ಮಾಡೆಲ್ "ಇದೆ" ಎಂದು ಬರೆದಿತ್ತು. ಹಳೇ ಫೈಲು ತೆಗೆದು, ಅಕ್ಕ ಬಿಟ್ಟಿದ್ದನ್ನೆಲ್ಲ ಒಂದೊಂದಾಗಿ ರಿಪೋರ್ಟಿನಲ್ಲಿ ಹುಡುಕಿದೆ. ನೂರ ಹದಿನೆಂಟರಲ್ಲಿ ನೂರ ಒಂಬತ್ತು ಅಲ್ಲಿ ಇಲ್ಲವೇ ಇಲ್ಲ. ಮಾಡೆಲ್ ಊಹಿಸಿದ್ದು. ಅದರ ಉತ್ತರವನ್ನೇ ಸರಿಯುತ್ತರ ಮಾಡಿ ಅದಕ್ಕೇ ಮಾರ್ಕ್ಸ್ ಕೊಟ್ಟಿದ್ದೆ. ಥೂ ನನ್ನ ಜನ್ಮಕ್ಕೆ.

ಮೇ 20
ಮ್ಯಾನೇಜರಿಗೆ ಹೇಳಿದೆ. "ಆಗಿದ್ದು ಆಯ್ತು ಬಿಡಪ್ಪ. ಈಗ ಕೆದಕಿದ್ರೆ ನಿನ್ನ ಬುಡಕ್ಕೇ ಬರುತ್ತೆ." ಸೀಟಿಗೆ ಬಂದು ಇನ್ನೊಂದು ರಿಪೋರ್ಟ್ ತೆಗೆದೆ.

ಮೇ 24, ಮಧ್ಯಾಹ್ನ
ಹೇಳಿಯೇ ಬಿಡಬೇಕೆಂದು ಅಕ್ಕನ ಮನೆಗೆ ಹೋದೆ. ಹೊಸ ಕನ್ನಡಕ ಹಾಕಿದ್ದರು. "ಕಣ್ಣೂ ತೋರಿಸ್ದೆ, ತಲೇನೂ ಸ್ಕ್ಯಾನ್ ಮಾಡಿಸ್ದೆ ಕಣೋ. ಏನೂ ಇಲ್ಲ ಅಂದ್ರು ಡಾಕ್ಟ್ರು, ನಾನೇ ಹಟ ಮಾಡಿ ಕನ್ನಡಕ ಬದಲಾಯಿಸ್ದೆ. ಮತ್ತೆ ಅಷ್ಟೊಂದು ಹೇಗೆ ಬಿಟ್ಟೆ? ನಂಗೇ ಗೊತ್ತಾಗ್ಲಿಲ್ಲ ನೋಡು. ಈಗ ಔಷಧಿ ಚೀಟೀನೂ ಎರಡೆರಡು ಸಲ ಓದ್ತೀನಿ." ಟೀ ತಂದಿಟ್ಟರು. "ನಿಂಗೂ ತಪ್ಪು ಕಲಿಸಿದೀನೋ ಏನೋ. ಇನ್ನೊಂದ್ಸಲ ನೋಡ್ಕೋ ಮರಿ."

ಟೀ ಕುಡಿದು ಎದ್ದು ಬಂದೆ. ಹೇಡಿ ನಾನು.

ಮೇ 25
ಪತ್ರವಾದರೂ ಬರೆಯಬೇಕು. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಅಕ್ಕಾ, ನಿಮ್ಮ ಕಣ್ಣೂ ಸರಿಯಿದೆ, ತಲೆಯೂ ಸರಿಯಿದೆ. ಆ ಮಾರ್ಕ್ಸ್ ಹಾಕಿದವನು...