ಪಂಪಿಗೆ ಕಟ್ಟಿದ ಬಟ್ಟೆ

ಚಿಪೋಕಾ, ಸರೋವರದ ದಂಡೆ
ಆಗಸ್ಟ್ 12, ಮಂಗಳವಾರ

ಪ್ರೀತಿಯ ತಡಾಲಾಳ ಅಪ್ಪನಿಗೆ,

ನಿಮ್ಮ ಕೆಮ್ಮು ಹೇಗಿದೆ? ಜೊಹಾನ್ಸ್‌ಬರ್ಗಿನ ಚಳಿಗೆ ಎದೆ ಒಡ್ಡಬೇಡಿ. ಮಗಳು ಚೆನ್ನಾಗಿದ್ದಾಳೆ. ನಾನು ಚೆನ್ನಾಗಿಲ್ಲ.

ಬಣ್ಣದ ಮೀನಿನ ಕಂಪನಿಯವರು ಕೊಡುತ್ತೇವೆ ಅಂದದ್ದು ಗಾಜಿನ ತೊಟ್ಟಿ, ಗಾಳಿ ಪಂಪು, ತೊಟ್ಟಿಗೆ ಮುಚ್ಚಳ, ಪಂಪಿಗೆ ಜಾಲರಿ ಪೆಟ್ಟಿಗೆ. ಕೊಟ್ಟದ್ದು ತೊಟ್ಟಿ ಮತ್ತು ಪಂಪು. ಮುಚ್ಚಳ ಇಲ್ಲ, ಪೆಟ್ಟಿಗೆ ಇಲ್ಲ, ಕೇಳಿದರೆ ಉತ್ತರವೂ ಇಲ್ಲ. ಸರೋವರಕ್ಕೆ ಬಲೆ ಹಾಕಬೇಡಿ, ಮನೆಯಲ್ಲೇ ಬಣ್ಣದ ಮೀನು ಮರಿ ಮಾಡಿಸಿ, ನಾವು ಕೊಳ್ಳುತ್ತೇವೆ ಎಂದು ಮಾವಿನ ಮರದಡಿ ಭಾಷಣ ಬಿಗಿದವರು ಇವರೇ.

ತಿಂದು ಮಲಗುತ್ತದೆಂದು ನೀವು ಸಾಹೇಬ ಎಂದು ಹೆಸರಿಟ್ಟಿರಲ್ಲ, ಆ ಬೆಕ್ಕಿಗೆ ಪಂಪಿನ ಗುಂಯ್ ಸದ್ದೆಂದರೆ ಪ್ರಾಣ. ಕಿವಿ ಆನಿಸಿ ಕೂರುತ್ತದೆ, ಕೊಳವೆ ಕಚ್ಚಿ ಎಳೆಯುತ್ತದೆ. ಪಂಪಿನ ಮೇಲೆ ನಿಮ್ಮ ಮೀನಿನ ಬುಟ್ಟಿ ಕವುಚಿಟ್ಟೆ, ಸಂದಿಯಿಂದ ಪಂಜ ತೂರಿಸಿತು. ನಿಂಬೆ ಸಿಪ್ಪೆ ಉಜ್ಜಿದೆ, ಸೀನಿ ಮತ್ತೆ ಬಂತು. ಓಡಿಸೋಣವೆಂದರೆ ಕಣಜದ ತುಂಬ ಮೆಕ್ಕೆಜೋಳ ಇದೆ. “ಬೆಕ್ಕು ಓಡಿಸಿ ಇಲಿಗೆ ಬಡಿಸ್ತೀಯೇನೇ ಎಸ್ನಾತ್?” ಎಂದಳು ಪಕ್ಕದ ಮನೆ ಲೈನೆಸ್. ಮುಚ್ಚಳ, ಪೆಟ್ಟಿಗೆ ಕೇಳಲು ನಾವಿಬ್ಬರೂ ಕಂಪನಿಯ ಏಜೆಂಟ್ ಗೊಂಡ್ವೆಯ ಹತ್ತಿರ ಹೋದೆವು. “ಅಲ್ರಮ್ಮಾ, ಬೆನ್ನಿಗೆ ಕೂಸು ಕಟ್ತೀರಲ್ಲ, ಪಂಪು ಕಟ್ಟೋಕೆ ಬರಲ್ವಾ?” ಎಂದ. ನಾವೂ ನಕ್ಕೆವು. ಬೇರೆ ದಾರಿ ಕಾಣದೆ ಮನೆಗೆ ಬಂದು ಕೂಸು ಕಟ್ಟುವ ಬಟ್ಟೆಯಲ್ಲೇ ಪಂಪನ್ನು ಬಿಗಿಯಾಗಿ ಸುತ್ತಿ ಗಂಟು ಹಾಕಿದೆವು, ಲೈನೆಸ್ಸೂ, ನಾನೂ, ನಮ್ಮ ಸಾಲಿನಲ್ಲಿ ಬೆಕ್ಕಿರುವ ಎಲ್ಲ ಮನೆಯವರೂ.

ಬೆಕ್ಕು ಸೋತಿತು. ಪಂಪು ಬಟ್ಟೆಯೊಳಗೇ ಬಿಸಿಯೇರಿ ಸತ್ತಿತು. ನಾನಾಗ ದಂಡೆಯಲ್ಲಿ ಒಣಮೀನು ಮಗುಚುತ್ತಿದ್ದೆ. ತೊಟ್ಟಿಯ ನೀಲಿ ತಾಯಿ ಮೀನು ಮರಿಗಳನ್ನು ಕಾಯಲು ಬಾಯಲ್ಲೇ ಇಟ್ಟುಕೊಂಡು ಉಪವಾಸ ಇತ್ತಲ್ಲ, ಬಂದು ನೋಡಿದರೆ ಮೇಲೆ ಬಂದು ಉಸಿರಿಗೆ ಬಾಯಿ ಬಿಡುತ್ತಿತ್ತು. ಬಾಯಿ ಬಿಟ್ಟಾಗೆಲ್ಲ ಒಂದೊಂದು ಮರಿ ಜಾರುತ್ತಿತ್ತು. ಅಂಥದರಲ್ಲೂ ಮತ್ತೆ ಹೆಕ್ಕಿಕೊಳ್ಳಲು ನೋಡಿತು. ಬಟ್ಟಲಲ್ಲಿ ನೀರು ಎತ್ತಿ ಎತ್ತಿ ಹೊಯ್ದೆ, ನನ್ನ ಕೈ ಸೋತಿತು. ಸಂಜೆಗೆ ನಮ್ಮ ಸಾಲಿನ ಯಾವ ತೊಟ್ಟಿಯಲ್ಲೂ ಜೀವ ಇರಲಿಲ್ಲ.

ಗೊಂಡ್ವೆ ಬಂದು, “ತಮಾಷೆಗೆ ಅಂದದ್ದೂ ತಿಳಿಯಲ್ವಾ ನಿಮಗೆ?” ಎಂದ. ಮುಚ್ಚಳ, ಪೆಟ್ಟಿಗೆ ಕೇಳಿದವರಿಗೆ ತಮಾಷೆ ಕೊಡುತ್ತಾರೆ, ಸತ್ತ ಮೇಲೆ ನಮ್ಮನ್ನೇ ದಡ್ಡರೆನ್ನುತ್ತಾರೆ. ಇದು ಬದಲಾಗುತ್ತದೆಂಬ ನಂಬಿಕೆ ನನ್ನಲ್ಲಿ ಉಳಿದಿಲ್ಲ. ಖಾಲಿ ತೊಟ್ಟಿಯ ಎದುರು ಕೂತೇ ಇದನ್ನು ಬರೆಯುತ್ತಿದ್ದೇನೆ.

ಅಮ್ಮ ನಿಮ್ಮನ್ನು ಕೇಳಿದ್ದಾಳೆ. ದೇವರು ನಿಮ್ಮ ಎದೆಯನ್ನು ಬೆಚ್ಚಗಿಡಲಿ.

ನಿಮ್ಮ
ಎಸ್ನಾತ್

ಮುಚ್ಚಿಡಬೇಕೆಂದಿದ್ದೆ, ಆಗಲಿಲ್ಲ: ತಮ್ಮ ಬೆಕ್ಕನ್ನು ಕೊಂದು ತೋರಿಸಿದ ಮನೆಗೆ ಮಾತ್ರ ಕಂಪನಿ ಹೊಸ ಪಂಪು ಕೊಡುತ್ತದಂತೆ, ಉಳಿದವರ ತೊಟ್ಟಿ ವಾಪಸಂತೆ. ಲೈನೆಸ್ ನಿನ್ನೆ ತನ್ನ ಬೆಕ್ಕನ್ನು ಸರೋವರದಲ್ಲಿ ಮುಳುಗಿಸಿದಳು, ಆಮೇಲೆ ನಮ್ಮ ಹೊಸ್ತಿಲಲ್ಲಿ ಕೂತು ಅತ್ತಳು. ಅವಳನ್ನು ಬೈಯಲಾರೆ. ನಾನು ಸಾಹೇಬನನ್ನು ಕೊಲ್ಲುವುದಿಲ್ಲ. ಪಂಪಿಗೆ ಸುತ್ತಿದ ಬಟ್ಟೆಯಲ್ಲೇ ಅದನ್ನು ಬೆನ್ನಿಗೆ ಕಟ್ಟಿಕೊಂಡು, ಖಾಲಿ ತೊಟ್ಟಿ ತಲೆಯ ಮೇಲಿಟ್ಟುಕೊಂಡು ಕಂಪನಿಯವರ ಸಭೆಗೆ ಹೋಗಿ ಮುಚ್ಚಳ, ಪೆಟ್ಟಿಗೆ ಕೇಳುತ್ತೇನೆ. ಎಲ್ಲ ಮನೆಗೂ ಹೇಳಿದ್ದೇನೆ, ಯಾರು ಬರುತ್ತಾರೋ ಗೊತ್ತಿಲ್ಲ. ಸಭೆ ಅದೇ ಮಾವಿನ ಮರದಡಿ, ಗುರುವಾರ ಮಧ್ಯಾಹ್ನ ಮೂರು ಗಂಟೆಗೆ.