ಮುಗಿಯದ ಡಿಸೆಂಬರ್

ಇಸವಿ ೨೩೧೧, ಡಿಸೆಂಬರ್ ತಿಂಗಳ ೪೦೧೮ನೇ ದಿನ
ಏಳನೇ ಪಾತಳಿ, ಕೋಲಾರದ ಹಳೆಯ ಗಣಿ

ಎಲ್ಲರಿಗೂ ಮುಕ್ತವಾದ 'ಪಂಚಿ' ಎಂಬ ದಿನಗಣನೆಯ ತಂತ್ರಾಂಶವನ್ನು ಮೊದಲು ನೋಡಿಕೊಂಡ ಶ್ರೀಮತಿ ಸುಗುಣಾ ಅವರಿಗೆ, ಈಗ ಅದನ್ನು ನೋಡಿಕೊಳ್ಳುತ್ತಿರುವ ಗಂಗುಲಮ್ಮ ಮಾಡುವ ನಮಸ್ಕಾರ.

ತಾರೀಖು ನೋಡಿ ನಗಬೇಡಿ, ಇಲ್ಲಿ ನಿಜವಾಗಿಯೂ ಇವತ್ತು ಅದೇ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ಪಂಚಿಯ ಹಳೆಯ ಟಪಾಲುಗಳನ್ನು ಓದಿಯೇ ಕಲಿತವಳು ನಾನು. ಆ ಟಪಾಲುಪೆಟ್ಟಿಗೆ ಯಾವ ತಾರೀಖು ಹಾಕಿದರೂ ಬೇಡ ಅನ್ನುವುದಿಲ್ಲ. ಅದಕ್ಕೇ ತಲುಪಬೇಕಾದ ದಿನವೆಂದು ನಿಮ್ಮ ಕಾಲದ ಒಂದು ದಿನ ಹಾಕಿ ಕಳಿಸುತ್ತಿದ್ದೇನೆ. ತಲುಪುತ್ತದೋ ಇಲ್ಲವೋ ದೇವರಿಗೇ ಗೊತ್ತು.

ಮೇಲಿನ ಬಿಸಿಲು ತಾಳಲಾರದೆ ನಮ್ಮ ಹಿರಿಯರು ಗಣಿಯೊಳಗೆ ಊರು ಕಟ್ಟಿದರು. ಮುನ್ನೂರು ಜನ ಇದ್ದೇವೆ. ದೀಪದ ಬೆಳಕಿನಲ್ಲಿ ರಾಗಿ ಬೆಳೆಯುತ್ತೇವೆ, ಗೋಡೆಯಲ್ಲಿ ಜಿನುಗುವ ನೀರನ್ನು ಸೋಸಿ ಕುಡಿಯುತ್ತೇವೆ, ಒಣಗದ ಬಟ್ಟೆಯನ್ನೇ ಉಟ್ಟುಕೊಂಡು ಸೊಪ್ಪಿನ ಸಾರಿಗಾಗಿ ಜಗಳವಾಡುತ್ತೇವೆ. ಮೇಲಿನ ಉಕ್ಕಿನ ಬಾಗಿಲು ತೆರೆಯುವುದು ತಂಪಿರುವ ಜನವರಿ ತಿಂಗಳಲ್ಲಿ ಮಾತ್ರ. ಜನವರಿ ಬಂತೆಂದು ಬಾಗಿಲಿಗೆ ಹೇಳುವುದು ಪಂಚಿ. ಹನ್ನೊಂದು ವರ್ಷದ ಹಿಂದೆ ಡಿಸೆಂಬರ್ ಮೂವತ್ತೊಂದರ ಮರುದಿನ ಪಂಚಿ ಡಿಸೆಂಬರ್ ಮೂವತ್ತೆರಡು ಎಂದಿತು. ಅಂದಿನಿಂದ ಜನವರಿ ಬಂದೇ ಇಲ್ಲ. ಬಾಗಿಲು ಒಡೆಯಲೂ ನೋಡಿದೆವು. ಒಡೆಯದಂತೆ ಕಟ್ಟಿದವರು ನಮ್ಮವರೇ, ಚೆನ್ನಾಗಿ ಕಟ್ಟಿದ್ದಾರೆ.

ತಪ್ಪು ಒಂದೇ ಸಾಲಿನದು. ಮೊದಲ ವಾರದಲ್ಲೇ ತಿದ್ದಿ ಬರೆದೆ. ಆದರೆ ಬರೆದವರೇ ಅದಕ್ಕೆ ಒಪ್ಪಿಗೆ ಕೊಡುವಂತಿಲ್ಲ. ಇನ್ನೊಬ್ಬ 'ಜೋಡಿಗಣ್ಣು' ಓದಿ ಸರಿ ಎನ್ನಬೇಕು. ಪಂಚಿಯ ತಿದ್ದುಪಡಿಗಳನ್ನು ಓದಿ ಒಪ್ಪುವವರಿಗೆ ನಾವಿಟ್ಟ ಹೆಸರು ಅದು. ನಿಯಮ ನಿಮ್ಮದು, ಒಳ್ಳೆಯ ನಿಯಮವೇ. ಹೊಸ ಜೋಡಿಗಣ್ಣನ್ನು ಸೇರಿಸಿಕೊಳ್ಳಬೇಕಾದರೂ, ನಿಯಮವನ್ನೇ ಬದಲಿಸಬೇಕಾದರೂ ಇಬ್ಬರು ಬೇಕು. ಇದ್ದವರು ನಾನು ಮತ್ತು ನನ್ನ ಗುರು ವೆಂಕಟರೋಣಪ್ಪ. ಆ ಡಿಸೆಂಬರ್ ಇಪ್ಪತ್ತರಂದು ಅವರು ತೀರಿಕೊಂಡರು.

ಅದಕ್ಕೆ ಮೊದಲು, ನವೆಂಬರಿನಲ್ಲಿ, ಅಡುಗೆಮನೆಯ ಜುಲೇಖಾ ಕೈ ಒರೆಸಿಕೊಳ್ಳುತ್ತಾ ಬಂದು, "ಅಕ್ಕಾ, ನಂಗೂ ಇದ್ ಕಲಿಸ್ಕೊಡು, ನಾನೂ ನಿಮ್ ಜೊತೆ ಸೇರ್ಕೊಂತೀನಿ" ಎಂದು ಕೇಳಿದ್ದಳು. ನಾನು ಹೇಳಿದ್ದು: "ನಿಯಮಾವಳಿ ಪೂರ್ತಿ ಓದಿ ಬನ್ನಿ." ನಾನೂರು ಪುಟ. ಒಲೆಯ ಪಕ್ಕ ಕೂತು ಅಷ್ಟನ್ನೂ ಓದಿ ಅವಳು ಬಂದದ್ದು ಡಿಸೆಂಬರ್ ಇಪ್ಪತ್ತೆರಡಕ್ಕೆ.

ಆ ಉತ್ತರ ನನ್ನ ಸ್ವಂತದ್ದಲ್ಲ. ಹೊಸಬರು ಯಾರೇ ಬಂದರೂ ಕೊಡಲೆಂದು ಸಿದ್ಧವಾಗಿಟ್ಟ ಸಾಲು, ಒಬ್ಬರಿಂದ ಒಬ್ಬರಿಗೆ ಬಂದದ್ದು. ಮೊದಲು ಬರೆದವರು ಯಾರೆಂದು ಹುಡುಕಿದೆ. ನೀವು. ಮುಳಬಾಗಿಲಿನ ಪುಷ್ಪಲತಾ ಎಂಬವರು ನಿಮಗೆ ಬರೆದಿದ್ದರು: "ಮೇಡಂ, ನಿಮ್ಮ ಪಂಚೀಲಿ ವರ್ಷದ ಕೊನೇಲಿ ಒಂದ್ ಚಿಕ್ಕ ತಪ್ಪೈತೆ. ಬಾಳಾ ವರ್ಷ ಆದ್ಮೇಲೆ ತೊಂದ್ರೆ ಕೊಡತ್ತೆ. ನಾನ್ ಸರಿ ಮಾಡ್ಲಾ?" ನೀವು ನಿಯಮಾವಳಿ ಓದಿ ಬನ್ನಿ ಎಂಬ ಆ ಒಂದು ಸಾಲು ಕಳಿಸಿದಿರಿ. ಆಕೆ ಮತ್ತೆ ಬರೆಯಲಿಲ್ಲ. ನಿಮ್ಮ ಮೇಲೆ ನನಗೆ ಕೋಪವಿದೆ, ಮುಚ್ಚಿಡುವುದಿಲ್ಲ. ನನ್ನ ಮೇಲೆ ಅದಕ್ಕಿಂತ ಹೆಚ್ಚಿದೆ.

ಜುಲೇಖಾಳ ಗಂಡ ಇಮಾಂಸಾಬ್ ಕೊನೆಯ ಜನವರಿಯಲ್ಲಿ ಉಪ್ಪು ತರಲು ಹೋದವನು, ಹಿಂದಿರುಗುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಬೆಟ್ಟದ ಗವಿಯಲ್ಲಿ ಹೇಗೋ ಜೀವ ಹಿಡಿದುಕೊಂಡು, ಬಿಸಿಲು ತಗ್ಗಿದ ದಿನ ಬಂದು ಬಾಗಿಲನ್ನು ಮೂರು ಸಲ ಬಡಿಯುತ್ತಾನೆ. ಇವಳು ಒಳಗಿನಿಂದ ಸೌಟಿನಲ್ಲಿ ಮೂರು ಸಲ ಬಡಿಯುತ್ತಾಳೆ. ಅಷ್ಟೇ ಅವರ ಸಂಸಾರ. ಈಚೆಗೆ ಆಚೆಯ ಸದ್ದು ಮೆತ್ತಗಾಗಿದೆ.

ಈ ಪತ್ರ ತಲುಪಲೆಂದು ಟಪಾಲುಪೆಟ್ಟಿಗೆಯಲ್ಲಿ ಹಾಕಿರುವುದು ಪುಷ್ಪಲತಾ ಅವರ ಟಪಾಲು ನಿಮಗೆ ಬಂದ ದಿನದ ತಾರೀಖು. ಆ ದಿನ ನೀವಿನ್ನೂ ಆಕೆಗೆ ಉತ್ತರಿಸಿಲ್ಲ. ದಯವಿಟ್ಟು ಆ ಸಾಲು ಕಳಿಸಬೇಡಿ. "ಬನ್ನಿ, ಒಟ್ಟಿಗೆ ಕೂತು ನೋಡೋಣ" ಎಂದು ಬರೆಯಿರಿ.

ಜುಲೇಖಾ ಮೇಲಿನ ಬಾಗಿಲ ಬಳಿ ನಿಂತಿದ್ದಾಳೆ, ಪಕ್ಕದಲ್ಲಿ ಕೂತು ನಾನು ಈ ಕೊನೆಯ ಸಾಲುಗಳನ್ನು ಬರೆಯುತ್ತಿದ್ದೇನೆ. ಇವತ್ತು ಮೊದಲು ಬಡಿದವಳು ಅವಳೇ, ಮೂರು ಸಲ. ನಾವಿಬ್ಬರೂ ಕಿವಿಗೊಟ್ಟು ಕಾಯುತ್ತಿದ್ದೇವೆ.