ಮೂರನೆಯ ಕಪ್ಪಿನ ಮೇಲೆ ಕೊಟ್ಟ ಕೀಲಿ

ಲೇರ್, ಭಾನುವಾರ, ಮೇ 18

ಪ್ರೀತಿಯ ಹಾರ್ಮ್,

ಸೊಂಟದ ನೋವು ಹೇಗಿದೆ? ಹಡಗಿನ ಅಡುಗೆಮನೆಯಲ್ಲಿ ಆ ದೊಡ್ಡ ಪಾತ್ರೆಗಳನ್ನು ಒಬ್ಬನೇ ಎತ್ತಬೇಡ, ಕೈ ಹಚ್ಚಲು ಬೇರೆಯವರಿದ್ದಾರಲ್ಲ. ಇನ್ಸಾಳ ಕೆಮ್ಮು ಹೋಗಿದೆ. ಈಗ ನಿನ್ನ ಮಗಳು ದಿನವಿಡೀ ಹಾಡುತ್ತಾಳೆ, ಕೆಮ್ಮೇ ವಾಸಿಯಿತ್ತು.

ವ್ಯಾನಿನ ದಾವೆ ಮುಗಿಯಿತು. ವ್ಯಾನು ನಮ್ಮದೇ. ಕುಣಿಯಬೇಡ, ಪೂರ್ತಿ ಓದು. ಅದನ್ನು ನಮಗೆ ಮಾರಿದವನು ಮೋಸಗಾರನೆಂದು ತಿಳಿದ ದಿನದಿಂದ ನಾನು ಸರಿಯಾಗಿ ನಿದ್ದೆ ಮಾಡಿಲ್ಲ. ನಮ್ಮ ಉಳಿತಾಯವೆಲ್ಲ ಅದರಲ್ಲೇ ಇತ್ತಲ್ಲ. ಅಸಲಿ ಯಜಮಾನನ ಹೆಸರು ಓಕ್ಕೊ, ನದಿಯಾಚೆಯ ಮುದುಕ. ಹೆಂಡತಿ ತೀರಿಕೊಂಡ ಮೇಲೆ ವ್ಯಾನು ಮಾರಲು ಜಾಹೀರಾತು ಕೊಟ್ಟಿದ್ದನಂತೆ. ಆ ಮೋಸಗಾರ ಕೊಳ್ಳುವವನಂತೆ ಬಂದು, ಕಲ್ಲುಸಕ್ಕರೆಯ ಮೇಲೆ ಚಹಾ, ಚಹಾದ ಮೇಲೆ ಕೆನೆ, ಕಲಕದೆ ಮೂರು ಕಪ್ಪು ಕುಡಿದು, ಸಾಕೆನ್ನಲು ಚಮಚವನ್ನು ಕಪ್ಪಿನೊಳಗೆ ಇಟ್ಟನಂತೆ. ನಮ್ಮ ಕಡೆ ಮೂರು ಕಪ್ಪು ಕುಡಿದವನನ್ನು ಯಾರು ಹೊರಗಿನವನೆಂದು ಎಣಿಸುತ್ತಾರೆ ಹೇಳು? ಓಡಿಸಿ ನೋಡು ಎಂದು ಓಕ್ಕೊ ಕೀಲಿ ಕೊಟ್ಟು ಕಪ್ಪು ತೊಳೆಯಲು ಒಳಗೆ ಹೋದ. ವ್ಯಾನು ಹತ್ತಿ ಹೋದವನು ತಿರುಗಿ ಬರಲಿಲ್ಲ. ಮುಂದಿನ ವಾರ ಸುಳ್ಳು ಕಾಗದ ಹಿಡಿದು ನಮ್ಮ ಬಾಗಿಲಿಗೆ ಬಂದ.

ನಮ್ಮ ವಕೀಲೆ ನನಗೆ ಬಿಡಿಸಿ ಹೇಳಿದ್ದಳು: "ಕದ್ದ ಗಾಡಿ ಆದ್ರೆ ನೀವೆಷ್ಟೇ ನಂಬಿ ತಗೊಂಡಿರಿ, ವಾಪಸ್ ಕೊಡ್ಲೇಬೇಕು. ಯಜಮಾನ್ರೇ ಕೈಯಾರೆ ಕೊಟ್ಟು ಮೋಸ ಹೋಗಿದ್ರೆ, ಕಾಗದಪತ್ರ ನೋಡಿ ನಂಬಿ ಕೊಂಡೋರದ್ದು." ಹಾಗಾಗಿ ಎಲ್ಲವೂ ಮುದುಕನ ಬಾಯಲ್ಲಿತ್ತು. ನ್ಯಾಯಾಲಯದ ಹೊರಗೆ ಅವನ ಮಗಳು ಪಿಸುಗುಟ್ಟಿದ್ದು ನನ್ನ ಕಿವಿಗೇ ಬಿತ್ತು: "ಮೊಳೆಗೆ ಹಾಕಿದ್ದ ಕೀಲಿ ಎತ್ಕೊಂಡು ಓಡಿಹೋದ ಅಂದ್ಬಿಡಪ್ಪ, ಅಷ್ಟೇ ಸಾಕು." ಒಳಗೆ ನ್ಯಾಯಾಧೀಶೆ ಕೇಳಿದಾಗ ಅವನು ಟೋಪಿಯನ್ನು ತಿರುಗಿಸುತ್ತ ನಿಂತ. "ಇಲ್ಲ ತಾಯಿ, ಅವ್ನೇನೂ ಕಿತ್ಕೊಳ್ಲಿಲ್ಲ. ಈ ಕೈಲೇ ಕೊಟ್ಟೆ." ಅಲ್ಲಿಗೆ ನಾವು ಗೆದ್ದೆವು. ಗೆದ್ದು ನಾಚಿಕೆಯಾದದ್ದು ನನಗೆ ಇದೇ ಮೊದಲು, ಹಾರ್ಮ್.

ಈ ಬೆಳಿಗ್ಗೆ ಅವನು ನಮ್ಮ ಮನೆಗೇ ಬಂದ, ಎರಡನೆಯ ಕೀಲಿ ಕೊಡಲು. "ಗಾಡಿ ನಿಮ್ದು ಅಂದ್ಮೇಲೆ ಇದು ನನ್ಹತ್ರ ಯಾಕಮ್ಮ?" ಎಂದ. ಕೂರಿಸಿ ಚಹಾ ಕೊಟ್ಟೆ. ಅವನ ಕಣ್ಣೆಲ್ಲ ಕಿಟಕಿಯಾಚೆ, ವ್ಯಾನಿನ ನೀಲಿ ಪರದೆಗಳ ಮೇಲೆ. ಅವನ್ನು ಹೊಲಿದವಳು ಅವನ ಹೆಂಡತಿ. ಪ್ರತಿ ಮೇ ತಿಂಗಳೂ ಇಬ್ಬರೂ ಡೆನ್ಮಾರ್ಕಿನ ತೀರಕ್ಕೆ ಹೋಗಿ, ಸಮುದ್ರಕ್ಕೆ ಮುಖಮಾಡಿ ವ್ಯಾನು ನಿಲ್ಲಿಸಿ, ಅಲ್ಲೇ ಮಲಗುತ್ತಿದ್ದರಂತೆ. ಇನ್ಸಾ ಸುಮ್ಮನಿರಬೇಕಲ್ಲ, "ಅಜ್ಜಾ, ಅಳ್ತಿದೀಯಾ?" ಎಂದು ಕೇಳಿಯೇಬಿಟ್ಟಳು. "ಇಲ್ಲ ಕಣೇ, ಚಹಾ ಬಿಸಿ" ಎಂದ. ಮೂರನೆಯದನ್ನೂ ಮುಗಿಸಿ ಚಮಚ ಕಪ್ಪಿನೊಳಗಿಟ್ಟ.

ಹೊತ್ತಿಗೆ ಸರಿಯಾಗಿ ಉಣ್ಣು. ಹಡಗಿನವರನ್ನೆಲ್ಲ ಕೇಳಿದೆನೆಂದು ಹೇಳು. ಇನ್ಸಾ ನಿನ್ನ ಎರಡೂ ಕೆನ್ನೆಗೆ ಮುತ್ತು ಕಳಿಸಿದ್ದಾಳೆ.

ನಿನ್ನ ದಾರಿ ನೋಡುವ
ಫ್ರೌಕೆ

ಮರೆತ ಮಾತು: ಬಂದರಿಗೆ ವ್ಯಾನು ತರುತ್ತೇನೆ ಅಂದಿದ್ದೆ, ಆಗುವುದಿಲ್ಲ, ಬಸ್ಸಿನಲ್ಲಿ ಬಾ. ಓಕ್ಕೊ ಮಧ್ಯಾಹ್ನವೇ ಅದರಲ್ಲಿ ಡೆನ್ಮಾರ್ಕಿಗೆ ಹೊರಟ. ಅವನು ಕೇಳಿರಲಿಲ್ಲ. ಯಾವಾಗ ಬರುತ್ತೀರಿ ಎಂದು ನಾನೂ ಕೇಳಲಿಲ್ಲ. ಯಾರಾದರೂ ವ್ಯಾನು ಎಲ್ಲಿ ಎಂದರೆ, ಕದ್ದುಹೋಯಿತು ಅಂತ ಮಾತ್ರ ಹೇಳಬೇಡ. ಈ ಕೈಯಲ್ಲೇ ಕೊಟ್ಟಿದ್ದೇನೆ.